ನಾಲ್ಕನೇ ಜ್ವರ ಎದ್ದ ದಿನ

ಜ್ವರ ಎಂದರೆ ಕಾಯಿಲೆ ಎಂಬ ಅರ್ಥವೂ ಇದೆ ಎನ್ನುವುದು ಆ ದಿನ ಬೆಳಗ್ಗೆ ಎಂಟೂವರೆಯವರೆಗೆ ನನಗೆ ಹೊಳೆದಿರಲಿಲ್ಲ ಎಂದರೆ ಜನ ನಗುತ್ತಾರೆ. ನಗಲಿ. ನಾನು ಹುಟ್ಟಿದ್ದು ಮರಳವಾಡಿಯಲ್ಲಿ, ರೇಷ್ಮೆ ಹುಳು ಸಾಕುವ ಮನೆಯಲ್ಲಿ. ಗೂಡು ಕಟ್ಟುವುದಕ್ಕೆ ಮುಂಚೆ ಹುಳು ನಾಲ್ಕು ಸಲ ಮೈಮೇಲಿನ ಪೊರೆ ಕಳಚುತ್ತದೆ. ಒಂದೊಂದು ಸಲವೂ ಮೇವು ಬಿಟ್ಟು, ತಲೆ ಮೇಲೆತ್ತಿ, ಅಲುಗಾಡದೆ ಕೂತುಬಿಡುತ್ತದೆ. ಇದಕ್ಕೆ ನಮ್ಮ ಕಡೆ ‘ಜ್ವರಕ್ಕೆ ಕೂತವೆ’ ಅನ್ನುತ್ತಾರೆ. ಪೊರೆ ಬಿಟ್ಟು ತಲೆ ಆಡಿಸತೊಡಗಿದರೆ ‘ಜ್ವರ ಎದ್ದವೆ’. ಹುಟ್ಟಿದಾಗಿನಿಂದ ಕೇಳಿದ ಮಾತಿಗೆ ಯಾರಾದರೂ ಅರ್ಥ ಹುಡುಕುತ್ತಾರೆಯೇ?

ನಾನು ಈಗ ಇರುವುದು ರಾಮನಗರದಲ್ಲಿ, ಕೆಲಸ ಪ್ರವಾಸಿ ಗೈಡ್. ಬೆಂಗಳೂರಿನ ಒಂದು ಟೂರ್ ಕಂಪನಿಯವರು ದೊಡ್ಡ ಸಮ್ಮೇಳನಗಳಿಗೆ ಬಂದ ಅತಿಥಿಗಳನ್ನು ಕೊನೆಯ ದಿನ ಎಲ್ಲಿಗಾದರೂ ಕರೆದುಕೊಂಡು ಹೋಗುತ್ತಾರೆ. ಎಲ್ಲಿಗಾದರೂ ಅಂದರೆ ಮೈಸೂರಿಗೆ. ನಮ್ಮ ಊರುಗಳ ಹಣೆಬರಹವೇ ಅಷ್ಟು. ಮೊದಲು ಮೈಸೂರಿಗೆ ಹೋಗುವವರು ಟೀ ಕುಡಿಯುವುದಕ್ಕಾದರೂ ಇಳಿಯುತ್ತಿದ್ದರು. ಹೊಸ ಹೆದ್ದಾರಿ ಊರಾಚೆ ಹಾದ ಮೇಲೆ ಅದೂ ನಿಂತಿತು. ಬಸ್ಸುಗಳು ನಮ್ಮ ಬೆಟ್ಟಗಳನ್ನು ಕಿಟಕಿಯಲ್ಲಿ ನೋಡಿ, ಫೋಟೋ ತೆಗೆದು, ಹೊರಟೇ ಹೋಗುತ್ತವೆ. ನನಗೆ ಅದನ್ನು ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು. ಆರು ತಿಂಗಳು ಆ ಕಂಪನಿಯ ಮ್ಯಾನೇಜರ್ ಬೆನ್ನು ಹತ್ತಿ, ಕೊನೆಗೆ ಒಪ್ಪಿಸಿದ್ದೆ. ಬೆಳಗ್ಗೆ ಮಾಗಡಿಯ ಕೋಟೆ ಮತ್ತು ದೇವಸ್ಥಾನ, ಆಮೇಲೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ, ಊಟ, ಅಕ್ಕೂರಿನ ಒಂದು ಹುಳು ಮನೆ, ಸಂಜೆ ಚನ್ನಪಟ್ಟಣದ ಗೊಂಬೆ.

“ಒಂದೇ ಒಂದು ಸಲ ಮೇಡಂ,” ಎಂದಿದ್ದರು ಮ್ಯಾನೇಜರ್. “ಚೆನ್ನಾಗಾದ್ರೆ ಈ ದಾರಿ ನಮ್ಮ ಪಟ್ಟಿಗೆ ಸೇರುತ್ತೆ. ಎಡವಟ್ಟಾದ್ರೆ ಮೈಸೂರು ಇದ್ದೇ ಇದೆ.”

ಒಂದು ಬಸ್ಸು, ಮೂವತ್ತೆರಡು ಜನ. ಎಲ್ಲರೂ ಸೋಂಕು ರೋಗಗಳ ಡಾಕ್ಟರುಗಳು. ಅರ್ಧ ಜನ ನಮ್ಮ ದೇಶದ ಬೇರೆ ಬೇರೆ ರಾಜ್ಯದವರು, ಉಳಿದವರು ವಿದೇಶದವರು.

ಕೋಟೆ, ದೇವಸ್ಥಾನಗಳಿಗೆ ತಯಾರಿ ಬೇಕಿಲ್ಲ, ಅವು ಎಲ್ಲಿಗೂ ಹೋಗುವುದಿಲ್ಲ. ತಯಾರಿ ಬೇಕಿದ್ದದ್ದು ಹುಳು ಮನೆಗೆ. ಸಾಕುವವರು ಹೊರಗಿನವರನ್ನು ಹುಳು ಮನೆಯೊಳಕ್ಕೆ ಬಿಡುವುದಿಲ್ಲ. ಯಾರ ಕಾಲಿನಲ್ಲಿ, ಕೈಯಲ್ಲಿ ಏನು ಬರುತ್ತದೋ ಯಾರಿಗೆ ಗೊತ್ತು? ಅಕ್ಕೂರಿನ ಆ ಮನೆಯ ಯಜಮಾನಮ್ಮ ನಮ್ಮ ಮರಳವಾಡಿಯ ಹೆಣ್ಣುಮಗಳು. ನಾನು ಅವರನ್ನು ಅಕ್ಕ ಎನ್ನುತ್ತೇನೆ, ಅವರ ಗಂಡನನ್ನು ಭಾವ. ಭಾವ ಬೆಳೆಯಲ್ಲಿ ಎತ್ತಿದ ಕೈ, ಮಾತಿನಲ್ಲಿ ಮೆಣಸಿನಕಾಯಿ. ಮೂರು ಸಲ ಹೋಗಿ ಕೇಳಿದ ಮೇಲೆ ಒಪ್ಪಿದರು.

ಎರಡು ಜ್ವರ ಎದ್ದ ಮರಿಗಳನ್ನು ಅವರು ತಂದ ದಿನದಿಂದ ನಾನು ಬೆರಳು ಮಡಚಿ ಎಣಿಸಿದೆ. ನಮ್ಮ ಪ್ರವಾಸದ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಹುಳುಗಳು ನಾಲ್ಕನೇ ಜ್ವರ ಏಳಬೇಕು. ಅದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ. ಒಂದು ದಿನಕ್ಕೂ ಹೆಚ್ಚು ಉಪವಾಸ ಕೂತ ಹುಳುಗಳಿಗೆ ಮೊದಲ ಹಿಪ್ಪುನೇರಳೆ ಸೊಪ್ಪು ಹಾಕುವುದನ್ನು ನೋಡಬೇಕು. ಇಡೀ ಮನೆ ಒಮ್ಮೆಗೇ ತಿನ್ನಲು ಶುರು ಮಾಡುತ್ತದೆ. ನಮ್ಮಮ್ಮ ಆ ಹೊತ್ತಿಗೆ ಕೈಕಟ್ಟಿ ನಿಂತು ಕೇಳುತ್ತಿದ್ದದ್ದು ನನಗೆ ಇನ್ನೂ ನೆನಪಿದೆ.

ಹಿಂದಿನ ದಿನ ಸಂಜೆ ಮ್ಯಾನೇಜರ್ ಫೋನ್ ಮಾಡಿ, ಒಂದೊಂದು ಜಾಗದ ಬಗ್ಗೆ ಎರಡೆರಡು ಸಾಲು ಇಂಗ್ಲಿಷಿನಲ್ಲಿ ಬರೆದು ಅತಿಥಿಗಳ ವಾಟ್ಸಾಪ್ ಗುಂಪಿಗೆ ಹಾಕಿ ಎಂದರು. ಹಾಕಿದೆ. ಅಕ್ಕೂರಿನ ಬಗ್ಗೆ ಬರೆದದ್ದನ್ನು ಕನ್ನಡದಲ್ಲಿ ಹೇಳಿದರೆ ಹೀಗಿತ್ತು: ‘ಇಲ್ಲಿನ ಹುಳುಗಳಿಗೆ ಈಗ ನಾಲ್ಕನೇ ಫೀವರ್. ನಾಳೆ ಮಧ್ಯಾಹ್ನಕ್ಕೆ ಇಳಿಯುತ್ತದೆ. ಆಗ ಒಳಗೆ ಹೋಗಿ ತೀರಾ ಹತ್ತಿರದಿಂದ ನೋಡಬಹುದು, ಮುಟ್ಟಲೂಬಹುದು.’

ಕಳಿಸಿದವಳು ನಾನು. ಓದಿದವರು ಸೋಂಕು ರೋಗದ ಡಾಕ್ಟರುಗಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಬೆಳಗ್ಗೆ ಬಸ್ಸಿನಲ್ಲಿ ಎಲ್ಲರೂ ಗುಸುಗುಸು ಮಾತಾಡುತ್ತಿದ್ದರು. ನಿದ್ದೆ ಸಾಲದೆ ಹಾಗಿರಬೇಕು ಅಂದುಕೊಂಡೆ. ಮಾಗಡಿ ಕೋಟೆಯ ಗೋಡೆ, ಕಂದಕ ತೋರಿಸಿ, ಬೆಟ್ಟದ ಮೇಲಿನ ದೇವಸ್ಥಾನದ ಕಂಬಗಳ ಮುಂದೆ ನಿಂತು ಹೇಳುತ್ತಿದ್ದೇನೆ, ಮ್ಯಾನೇಜರ್ ಫೋನ್ ಬಂತು.

“ಏನ್ ಮೇಡಂ ಇದು, ರೋಗ ಇರೋ ಜಾಗಕ್ಕೆ ಕರ್ಕೊಂಡ್ ಹೋಗ್ತಿದ್ದೀರಂತೆ? ರಾತ್ರಿಯಿಂದ ನನಗೆ ಮೆಸೇಜ್ ಮೇಲೆ ಮೆಸೇಜು. ಯಾವ ರೋಗಾಣು, ಮನುಷ್ಯರಿಗೂ ಹರಡುತ್ತಾ, ಸಾಕೋರಿಗೆ ಜ್ವರ ಬಂದಿದ್ಯಾ, ನಾಲ್ಕು ಸಲ ಯಾಕೆ ಬಂತು ಅಂತ ಕೇಳ್ತಿದ್ದಾರೆ. ಅಕ್ಕೂರು ಬೇಡ. ಮಾರ್ಕೆಟ್ ತೋರಿಸಿ ಸೀದಾ ಮೈಸೂರಿಗೆ ಹೊಡೀರಿ.”

ಆಗ ಹೊಳೆಯಿತು, ಫೀವರ್ ಅಂದರೆ ಏನು ಎನ್ನುವುದು. ಅಯ್ಯೋ ನನ್ನ ಬುದ್ಧಿಗಿಷ್ಟು! ಪೊರೆ ಬಿಡುವುದಕ್ಕೆ ಇಂಗ್ಲಿಷಿನಲ್ಲಿ ಬೇರೆಯೇ ಮಾತಿದೆ, ಗೈಡ್ ತರಬೇತಿಯಲ್ಲಿ ಅದನ್ನು ಬರೆದುಕೊಂಡೂ ಇದ್ದೆ. ಕೈ ಮಾತ್ರ ಮರಳವಾಡಿಯ ಮಾತನ್ನೇ ಬರೆದುಬಿಟ್ಟಿತ್ತು.

“ಸಾರ್, ಅದು ಕಾಯಿಲೆ ಅಲ್ಲ. ರಾಮನಗರ ಮುಟ್ಟೋವರೆಗೆ ಟೈಮ್ ಕೊಡಿ, ನಾನೇ ಸರಿ ಮಾಡ್ತೀನಿ,” ಎಂದೆ.

“ಕಾಯಿಲೆ ಅಲ್ವಾ? ನಾನು ಆಗಲೇ ಆ ಅಕ್ಕೂರಿನ ಯಜಮಾನ್ರಿಗೆ ಫೋನ್ ಮಾಡಿ, ನಿಮ್ ಹುಳುಗೆ ಏನ್ ಕಾಯಿಲೆ ಅಂತ ಕೇಳ್ಬಿಟ್ಟೆನಲ್ಲ!”

ಗಾಯದ ಮೇಲೆ ಬರೆ. ಹುಳು ಮನೆಯಲ್ಲಿ ದಿನಕ್ಕೆ ಹತ್ತು ಸಲ ಜ್ವರ ಅನ್ನಬಹುದು, ಕಾಯಿಲೆ ಅನ್ನುವ ಮಾತನ್ನು ಮಾತ್ರ ಬಾಯಲ್ಲಿ ತರುವ ಹಾಗಿಲ್ಲ. ನಮ್ಮ ಭಾವನ ಹತ್ತಿರವಂತೂ ಕೂಡದೇ ಕೂಡದು.

ಬಸ್ಸು ಮಾಗಡಿ ಬಿಟ್ಟು ಐದು ನಿಮಿಷ ಆಗಿಲ್ಲ, ಅಕ್ಕನ ಫೋನು. ದನಿ ತಗ್ಗಿಸಿ ಮಾತಾಡುತ್ತಿದ್ದರು. “ಏನವ್ವಾ ಮಾಡ್ದೆ ನೀನು? ನಿಮ್ ಭಾವ ಕೆಂಡ ಆಗವ್ರೆ. ಯಾವನೋ ಫೋನ್ ಮಾಡಿ ಕಾಯಿಲೆ ಅಂದ್ನಂತೆ. ಡಾಕ್ಟ್ರುನ್ನ ಕಳುಸ್ತಾವ್ರೆ, ಊರವ್ರು ಏನಂದ್ಕತಾರೆ ಅಂತ ಒಂದೇ ಸಮ ಕೂಗ್ತಾವ್ರೆ. ಬರ್‌ಬ್ಯಾಡಿ ಕಣವ್ವ.”

ಮುಂದಿನ ಸೀಟಿನಲ್ಲಿ ಕೂತು ರಸ್ತೆ ನೋಡುತ್ತಿದ್ದೆ. ಡಾಕ್ಟರುಗಳು ಬರಲ್ಲ ಅನ್ನುತ್ತಾರೆ, ಭಾವ ಬರಬೇಡಿ ಅನ್ನುತ್ತಾರೆ. ಇಬ್ಬರಿಗೂ ಒಂದೇ ಮಾತಿನಿಂದ ಭಯ. ಡ್ರೈವರ್ ಮಾಗಡಿ ಹತ್ತಿರದ ಕಲ್ಯದವನು, ವಯಸ್ಸಿನಲ್ಲಿ ನನ್ನ ಓರಗೆಯವನು. ಎಲ್ಲವನ್ನೂ ಕೇಳಿಸಿಕೊಂಡಿದ್ದ.

“ಅಕ್ಕೋ, ಮೈಸೂರ್ಗೆ ಹೊಡಿಯೋದಾದ್ರೆ ಈಗ್ಲೇ ಹೇಳ್ಬುಡಿ. ನನ್ಗೇನು, ರಸ್ತೆ ಚೆನ್ನಾಗೈತೆ.”

“ಹೊಡೆದ್ರೆ ಗೊತ್ತಾಗುತ್ತೆ ನಿಂಗೆ,” ಎಂದೆ. ಅವನು ನಕ್ಕ. ನನಗೆ ಅಳು ಬರುವ ಹಾಗಿತ್ತು.

ರಾಮನಗರದ ಮಾರುಕಟ್ಟೆ ಮುಟ್ಟಿದಾಗ ಹರಾಜು ಜೋರಾಗಿ ನಡೆದಿತ್ತು. ತಟ್ಟೆತಟ್ಟೆಯಲ್ಲಿ ಗೂಡು ಸುರಿದುಕೊಂಡು ರೈತರು ನಿಂತಿದ್ದರು. ನೂಲು ಬಿಚ್ಚುವ ಸಾಬರೊಬ್ಬರು ಒಂದು ಗೂಡನ್ನು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಫೋನಿನಲ್ಲಿ ಬೆಲೆ ಒತ್ತುತ್ತಿದ್ದರು. ಬೇರೆ ದಿನವಾಗಿದ್ದರೆ ಇದನ್ನೇ ಅರ್ಧ ಗಂಟೆ ವಿವರಿಸುತ್ತಿದ್ದೆ. ಆ ದಿನ ಡಾಕ್ಟರುಗಳಲ್ಲಿ ಎಂಟು ಹತ್ತು ಜನ ಮೂಗಿಗೆ ಮಾಸ್ಕ್ ಹಾಕಿಕೊಂಡು ಗೂಡುಗಳಿಂದ ಮಾರು ದೂರ ನಿಂತಿದ್ದರು. ಅದನ್ನು ನೋಡಿ ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ನಮ್ಮ ಸೀಮೆಯ ಹುಳುಗಳಿಗೆ ನನ್ನಿಂದಲೇ ಕೆಟ್ಟ ಹೆಸರು!

ಸಣ್ಣದಾಗಿ ತಿದ್ದುಪಡಿಯ ಮೆಸೇಜ್ ಹಾಕಿ ಸುಮ್ಮನಾಗಬಹುದಿತ್ತು. ಪದ ತಪ್ಪಾಯಿತು, ಕ್ಷಮಿಸಿ, ಅಂತ. ಅದರಿಂದ ಯಾರ ಅನುಮಾನವೂ ಹೋಗುತ್ತಿರಲಿಲ್ಲ, ಮುಚ್ಚಿಹಾಕುತ್ತಿದ್ದಾಳೆ ಅನ್ನುತ್ತಿದ್ದರು. ಎಲ್ಲರನ್ನೂ ಮಾರುಕಟ್ಟೆಯ ಮೆಟ್ಟಿಲ ಹತ್ತಿರ ಕರೆದು, ಮೇಲಿನ ಮೆಟ್ಟಿಲಿನಲ್ಲಿ ನಿಂತೆ.

“ನಿನ್ನೆ ನಾನು ಬರೆದದ್ದು ತಪ್ಪು,” ಎಂದು ಶುರು ಮಾಡಿದೆ. ಇಂಗ್ಲಿಷಿನಲ್ಲೇ ಹೇಳಿದೆ, ಬಂದಷ್ಟು. ಪೊರೆ ಬಿಡುವುದು ಹೇಗೆ, ಅದಕ್ಕೆ ನಾವು ಏನನ್ನುತ್ತೇವೆ ಎಂದು ಹೇಳಿದೆ. ಮಾಸ್ಕ್ ಹಾಕಿದ್ದ ಒಬ್ಬ ಹುಡುಗ ಡಾಕ್ಟರ್ ಕೇಳಿದ, “ಜ್ವರ ಇಲ್ಲದಿದ್ದರೆ ಜ್ವರ ಅಂತ ಯಾಕೆ ಕರೀತೀರಿ?”

“ಜ್ವರ ಬಂದಾಗ ನೀವೇನು ಮಾಡ್ತೀರಿ? ಊಟ ಬಿಡ್ತೀರಿ. ಯಾರೂ ಮಾತಾಡಿಸಬಾರದು, ಮುಟ್ಟಬಾರದು, ಗಾಳಿ ಬೆಳಕು ಹಿತವಾಗಿರಬೇಕು. ಬಿಟ್ಟ ಮೇಲೆ ಹೊಟ್ಟೆ ಹಸಿಯುತ್ತೆ. ನಮ್ಮ ಹಿರಿಯರ ಹತ್ತಿರ ಥರ್ಮಾಮೀಟರ್ ಇರಲಿಲ್ಲ. ಕಣ್ಣಿಗೆ ಕಂಡದ್ದಕ್ಕೆ ಹೆಸರಿಟ್ಟರು.”

ಒಬ್ಬಿಬ್ಬರು ನಕ್ಕರು. ಆದರೆ ಎಲ್ಲರೂ ನೋಡುತ್ತಿದ್ದದ್ದು ಗುಂಪಿನ ಹಿರಿಯ ಡಾಕ್ಟರಮ್ಮನ ಮುಖವನ್ನು. ಉತ್ತರ ಭಾರತದವರು, ಬೆಳ್ಳಗಿನ ತುರುಬು, ಇಸ್ತ್ರಿ ಸೀರೆ. ಸಮ್ಮೇಳನದ ಅಧ್ಯಕ್ಷರೂ ಅವರೇ. ಆಸ್ಪತ್ರೆಗಳಲ್ಲಿ ಸೋಂಕು ಹರಡದಂತೆ ತಡೆಯುವುದು ಅವರ ವಿದ್ಯೆಯಂತೆ.

“ರೋಗಿಯನ್ನು ನೋಡದೆ ಚೀಟಿ ಬರೆಯುವ ಅಭ್ಯಾಸ ನನಗಿಲ್ಲ,” ಎಂದರು. “ನಡೆಯಿರಿ, ನೋಡೋಣ.”

ಅಷ್ಟರಲ್ಲಿ ಮತ್ತೆ ಅಕ್ಕನ ಫೋನು. ಈ ಸಲ ಪಿಸುಮಾತಲ್ಲ, ಗಾಬರಿ. “ಎದ್ಬುಟ್ಟವೆ ಕಣವ್ವಾ! ಸೆಕೆ ಜಾಸ್ತಿ ಆಗಿ ಬಿರ್‍ನೆ ಎದ್ಬುಟ್ಟವೆ. ಹನ್ನೆರಡೂವರೆಗೆಲ್ಲ ಸೊಪ್ಪು ಹಾಕ್ಲೇಬೇಕು. ನಿಮ್ ಭಾವನ್ನ ಒಪ್ಸಿ ಬರಂಗಿದ್ರೆ ಈಗ್ಲೇ ಬಾ.”

ಗಡಿಯಾರ ನೋಡಿದೆ, ಹನ್ನೊಂದೂಕಾಲು. ಹನ್ನೆರಡೂವರೆಗೆ ನಮಗೆ ರಾಮನಗರದಲ್ಲಿ ಊಟ. ಮೂವತ್ತೆರಡು ಎಲೆ, ಮುದ್ದೆ, ಉಪ್ಸಾರು, ಎಲ್ಲ ಹೇಳಿಟ್ಟಾಗಿತ್ತು. ಊಟ ಮುಗಿಸಿ ಹೋದರೆ ಹುಳುಗಳ ಊಟವೂ ಮುಗಿದಿರುತ್ತದೆ. ಎದ್ದ ಹುಳು ಅತಿಥಿಗಳಿಗಾಗಿ ಕಾಯುತ್ತದೆಯೇ? ಕಾಯಿಸು ಎಂದು ಕೇಳುವ ಬಾಯಿ ನನಗೂ ಇರಲಿಲ್ಲ.

ಅಲ್ಲೇ ನಿರ್ಧಾರ ಮಾಡಿದೆ. ಊಟದವರಿಗೆ ಫೋನ್ ಮಾಡಿ, ಎರಡೂವರೆಗೆ ಬರುತ್ತೇವೆ, ಮುದ್ದೆ ಆಮೇಲೆ ಕಟ್ಟಿ ಎಂದೆ. ಅವರು ಬೈದರು. ಮ್ಯಾನೇಜರಿಗೆ ಫೋನ್ ಮಾಡಲೇ ಇಲ್ಲ. ಮಾಡಿದರೆ ಬೇಡ ಅನ್ನುತ್ತಿದ್ದರು, ಅನ್ನಿಸಿಕೊಂಡ ಮೇಲೆ ಮೀರುವುದು ಕಷ್ಟ. ಕೊನೆಗೆ ಭಾವನಿಗೆ ಮಾಡಿದೆ.

“ಯಾಕವ್ವ ಫೋನ್ ಮಾಡ್ದೆ?” ಎಂದರು. “ಮೂವತ್ತು ವರ್ಷದಿಂದ ಹುಳ ಸಾಕಿವ್ನಿ, ಒಬ್ಬ ನನ್ ಮನೆ ಹುಳಕ್ಕೆ ಹೆಸ್ರಿಟ್ಟಿಲ್ಲ. ಇವತ್ತು ಕಾಯಿಲೆ ಅನ್ನಿಸ್ಬುಟ್ಟೆ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಕಿಲ್ಲ.”

“ತಪ್ಪು ನಂದೇ ಭಾವ. ಬಂದ ಮೇಲೆ ಎದುರಿಗೇ ನಿಲ್ಸಿ ಬೈರಿ. ಆದ್ರೆ ಬರೋರು ಡಾಕ್ಟ್ರು. ಕಾಯಿಲೆ ಇಲ್ಲ ಅಂತ ಅವ್ರ ಬಾಯಲ್ಲೇ ಊರ ಮುಂದೆ ಹೇಳುಸ್ತೀನಿ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರ್ ಕೊಡ್ತಾರೆ ನಿಮ್ಗೆ?”

“ಬರ್ಲಿ,” ಎಂದರು. “ಒಳಕ್ಕೆ ಬುಡೋದು ಬುಡದೇ ಇರೋದು ಮಾತ್ರ ನನ್ಗೆ ಬುಟ್ಟಿದ್ದು.”

ಡ್ರೈವರಿಗೆ ಹನ್ನೆರಡೂಕಾಲಿಗೆ ಅಕ್ಕೂರಿನಲ್ಲಿರಬೇಕು ಎಂದೆ. “ಒಸಿ ಗಟ್ಟಿಯಾಗಿ ಕೂತ್ಕಳಕ್ಕೆ ಹೇಳಿ ಅಕ್ಕ ಅವ್ರಿಗೆ,” ಎಂದ. ಒಳದಾರಿಯಲ್ಲಿ ಬಸ್ಸು ಓಡಿಸಿದ ರೀತಿಗೆ ಮೂವತ್ತೆರಡು ಡಾಕ್ಟರುಗಳೂ ಸೋಂಕಿನ ಚಿಂತೆ ಬಿಟ್ಟು ಮುಂದಿನ ಸೀಟು ಹಿಡಿದುಕೊಂಡಿದ್ದರು.

ಹುಳು ಮನೆ ಊರಿಂದ ಒಂದಿಷ್ಟು ಆಚೆ, ಹಿಪ್ಪುನೇರಳೆ ತೋಟದ ಪಕ್ಕ. ಭಾವ ಬಾಗಿಲಲ್ಲೇ ನಿಂತಿದ್ದರು, ಸೊಂಟಕ್ಕೆ ಕೈ ಇಟ್ಟುಕೊಂಡು. ಸುದ್ದಿ ತಿಳಿದು ಊರಿನ ಹತ್ತು ಹನ್ನೆರಡು ಜನ ಬೇಲಿಯ ಹತ್ತಿರ ಸೇರಿದ್ದರು. ಹೊಸ್ತಿಲ ಮುಂದೆ ಬ್ಲೀಚಿಂಗ್ ಪುಡಿ ಕದಡಿದ ನೀರಿನ ತೊಟ್ಟಿ, ಪಕ್ಕದಲ್ಲಿ ಕೈ ತೊಳೆಯುವ ಬೋಗುಣಿ, ಸುತ್ತ ಚೆಲ್ಲಿದ ಸುಣ್ಣ. ಕಿಟಕಿಗಳಿಗೆಲ್ಲ ನೊಣ ಬರದಂತೆ ಪರದೆ. ಬಾಗಿಲು ಒಂದಲ್ಲ, ಒಂದರೊಳಗೆ ಇನ್ನೊಂದು.

ಹಿರಿಯ ಡಾಕ್ಟರಮ್ಮ ಇಳಿದವರೇ ಹುಳುವನ್ನು ಕೇಳಲಿಲ್ಲ. ಆ ತೊಟ್ಟಿಯ ಮುಂದೆ ನಿಂತರು. ನೀರನ್ನು ಎಷ್ಟು ಹೊತ್ತಿಗೊಮ್ಮೆ ಬದಲಾಯಿಸುತ್ತೀರಿ, ಎಂದು ಕೇಳಿದರು. ನಾನು ಕನ್ನಡಕ್ಕೆ ತಂದೆ.

“ದಿನಾ ಬೆಳಗ್ಗೆ. ಜನ ಬಂದ್ರೆ ಇನ್ನೊಂದ್ ದಪ,” ಎಂದರು ಭಾವ. “ಸೊಪ್ಪು ತರೋರು ಹುಳ ಮುಟ್ಟಕಿಲ್ಲ. ಕಸ ತೆಗೆಯೋರು ಸೊಪ್ಪು ಮುಟ್ಟಕಿಲ್ಲ. ಬೆಳೆ ಮುಗುದ್ ಮೇಲೆ ಮನೆ ಪೂರಾ ತೊಳ್ದು, ಸುಣ್ಣ ಹೊಡ್ದು, ಬಾಗ್ಲು ಹಾಕ್ಬುಡ್ತೀನಿ.”

ಡಾಕ್ಟರಮ್ಮ ತಮ್ಮವರ ಕಡೆ ತಿರುಗಿ, “ಕೇಳಿಸಿತೇ?” ಎಂದರು. “ಇದನ್ನು ನನ್ನ ಆಸ್ಪತ್ರೆಯಲ್ಲಿ ಜಾರಿಗೆ ತರಲು ಹನ್ನೆರಡು ವರ್ಷ ಗುದ್ದಾಡಿದ್ದೇನೆ.”

ಅಷ್ಟು ಹೇಳಿ ಹೊಸ್ತಿಲಿಗೆ ಕಾಲಿಡಲು ಹೋದರು. ಭಾವ ಅಡ್ಡ ಬಂದು, ಮೂಗು ಮೇಲೆತ್ತಿ ಗಾಳಿ ಎಳೆದುಕೊಂಡರು.

“ಸೆಂಟಾ? ಬ್ಯಾಡಿ ತಾಯಿ. ನಿಮ್ಗೆ ಒಳಕ್ಕೆ ಇಲ್ಲ.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಮ್ಮೇಳನದ ಅಧ್ಯಕ್ಷರು! ಇದನ್ನು ಕನ್ನಡದಲ್ಲೇ ಬಿಟ್ಟುಬಿಡೋಣ, ಅನುವಾದ ಬೇಡ ಅಂದುಕೊಂಡೆ. ಆದರೆ ಒಂದೇ ದಿನದಲ್ಲಿ ಎರಡನೇ ತಪ್ಪು ಅನುವಾದ ಬೇಡವೆಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಈಗ ತಾನೇ ಪೊರೆ ಬಿಟ್ಟಿವೆ, ಮೈ ತೀರಾ ಎಳಸು, ಕಟು ವಾಸನೆ ತಡೆಯವು ಅನ್ನುತ್ತಾರೆ, ನಿಮ್ಮನ್ನು ಒಳಗೆ ಬಿಡುವುದಿಲ್ಲವಂತೆ.

ಅವರು ಹೋ ಎಂದು ನಕ್ಕರು. “ಬೆಳಗ್ಗಿನಿಂದ ನಾವು ಹುಳುಗಳಿಂದ ನಮಗೇನು ಅಂಟುತ್ತದೋ ಅಂತ ಹೆದರುತ್ತಿದ್ದೆವು. ಇವರು ನಮ್ಮಿಂದ ಹುಳುಗಳಿಗೇನು ಅಂಟುತ್ತದೋ ಅಂತ ಹೆದರುತ್ತಿದ್ದಾರೆ. ಸರಿಯಾಗಿ ಹೆದರುತ್ತಿರುವವರು ಇವರು!”

ಅಕ್ಕ ಅವರ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದರು. ಹತ್ತು ನಿಮಿಷಕ್ಕೆ ವಾಪಸ್ ಬಂದಾಗ ಇಸ್ತ್ರಿ ಸೀರೆ ಇರಲಿಲ್ಲ. ಅಕ್ಕನ ಹಳೇ ಹತ್ತಿ ಸೀರೆ ಉಟ್ಟಿದ್ದರು, ಕುತ್ತಿಗೆ ಮುಖವೆಲ್ಲ ಸೋಪಿನಿಂದ ತಿಕ್ಕಿ ತೊಳೆದಿದ್ದರು. ಭಾವ ಮತ್ತೊಮ್ಮೆ ಮೂಗು ಎತ್ತಿ ನೋಡಿ, “ಹ್ಞೂಂ, ಈಗ ಬನ್ನಿ,” ಎಂದರು. ಬೇಲಿಯ ಹತ್ತಿರ ನಿಂತ ಜನ ನಕ್ಕರು. ಮಾಸ್ಕ್ ಹುಡುಗ ತಾನಾಗಿಯೇ ಬಂದು ಮೂಸಿ ನೋಡಿ ಎಂಬಂತೆ ಕೈ ಚಾಚಿದ.

ಎಂಟೆಂಟು ಜನರ ಗುಂಪು ಮಾಡಿದೆ. ಮೊದಲ ಗುಂಪು ತೊಟ್ಟಿಯಲ್ಲಿ ಕಾಲು ಅದ್ದಿ, ಕೈ ತೊಳೆದು ಒಳಗೆ ಹೋಯಿತು. ಉಳಿದವರು ಪರದೆಯ ಕಿಟಕಿಗಳ ಹತ್ತಿರ ನಿಂತರು. ಒಳಗೆ ಅಟ್ಟಣಿಗೆಯ ಮೇಲೆ ಅಟ್ಟಣಿಗೆ, ಒಂದೊಂದರ ತುಂಬ ಹುಳು. ಹಳೆ ಪೊರೆ ಹಿಂದೆ ಬಿದ್ದಿತ್ತು, ಹೊಸ ಮೈ ಸುಕ್ಕಾಗಿ, ಸಡಿಲವಾಗಿ, ದೊಡ್ಡವರ ಅಂಗಿ ತೊಟ್ಟ ಮಕ್ಕಳ ಹಾಗೆ. ಎಲ್ಲವೂ ತಲೆ ಆಡಿಸುತ್ತ ಹುಡುಕುತ್ತಿದ್ದವು. ಒಂದು ಮೂಲೆಯಲ್ಲಿ ನಾಲ್ಕಾರು ಹುಳು ಇನ್ನೂ ಎದ್ದಿರಲಿಲ್ಲ. ಭಾವ ಅವಕ್ಕಾಗಿಯೇ ಕಾಯುತ್ತಿದ್ದರು.

“ಎದ್ದವಕ್ಕೆ ಮೊದ್ಲು ಹಾಕುದ್ರೆ ಅವು ಮುಂದ್ಕೋಯ್ತವೆ, ಇವು ಹಿಂದುಳ್ಕತವೆ. ಎಲ್ಲಾ ಎದ್ ಮೇಲೇ ಸೊಪ್ಪು. ಅದೇ ಇದ್ರ ಗುಟ್ಟು.”

ಕಾದೆವು. ಫೋಟೋ ತೆಗೆಯಲೂ ಯಾರೂ ಫೋನ್ ಎತ್ತಲಿಲ್ಲ. ಮೂಲೆಯ ಕೊನೆಯ ಹುಳು ಪೊರೆಯಿಂದ ಬಾಲ ಎಳೆದುಕೊಂಡಿತು. ಭಾವ ಸೊಪ್ಪಿನ ಕಡ್ಡಿಗಳ ಕಟ್ಟಿಗೆ ಕೈ ಹಾಕಿ, ಒಂದು ಹಿಡಿ ಎತ್ತಿ ಹಿರಿಯ ಡಾಕ್ಟರಮ್ಮನ ಕೈಗೆ ಕೊಟ್ಟರು. ಮೊದಲ ಸೊಪ್ಪನ್ನು ಆ ಮನೆಯಲ್ಲಿ ಅಕ್ಕನನ್ನು ಬಿಟ್ಟು ಬೇರೆ ಯಾರೂ ಹಾಕಿದ್ದಿಲ್ಲ. ಅಕ್ಕನೇ ಮುಂದೆ ಬಂದು ಅವರ ಮೊಣಕೈ ಹಿಡಿದು, ಹೇಗೆ ಹಗುರಾಗಿ ಹಾಸಬೇಕೆಂದು ತೋರಿಸಿದರು.

ಮೊದಲು ಏನೂ ಕೇಳಲಿಲ್ಲ. ಆಮೇಲೆ ಒಂದು ಕಡೆ ಸಣ್ಣಗೆ, ಇನ್ನೊಂದು ಕಡೆ ಸಣ್ಣಗೆ, ಎಲ್ಲೋ ಹೊಸ ರೇಷ್ಮೆ ಸೀರೆಯ ಮಡಿಕೆ ಬಿಚ್ಚಿದ ಹಾಗೆ. ಭಾವ, ಅಕ್ಕ ಉಳಿದ ಅಟ್ಟಣಿಗೆಗಳಿಗೂ ಹಾಸುತ್ತ ಹೋದಂತೆ ಆ ಸದ್ದು ಮನೆಯ ಉದ್ದಕ್ಕೂ ಸೇರಿಕೊಂಡಿತು. ಮೂವತ್ತೆರಡು ಜನ, ಒಳಗೂ ಹೊರಗೂ, ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ನಾನು ವಿವರಿಸಲು ಬರೆದುಕೊಂಡು ಹೋಗಿದ್ದ ಒಂದು ಮಾತನ್ನೂ ಆಡಲಿಲ್ಲ. ನಮ್ಮಮ್ಮ ಇದ್ದಿದ್ದರೆ ಕೈಕಟ್ಟಿ ನಿಂತಿರುತ್ತಿದ್ದಳು. ನಾನೂ ಕೈಕಟ್ಟಿ ನಿಂತೆ.

ಹೊರಗೆ ಬಂದ ಮೇಲೆ ಹಿರಿಯ ಡಾಕ್ಟರಮ್ಮನಿಗೆ ನನ್ನ ವಾಗ್ದಾನ ತಿಳಿಸಿದೆ. ಅವರು ಬೇಲಿಯ ಹತ್ತಿರ ನಿಂತಿದ್ದ ಊರವರ ಮುಂದೆ ಹೋಗಿ, ನಾನು ಒಂದೊಂದೇ ಮಾತು ಹೇಳಿಕೊಟ್ಟ ಹಾಗೆ ಕನ್ನಡದಲ್ಲೇ ಕೂಗಿ ಹೇಳಿದರು: “ಕಾಯಿಲೆ ಇಲ್ಲ! ಜ್ವರ ಎದ್ದವೆ!”

ಚಪ್ಪಾಳೆ ಬಿತ್ತು. ಭಾವ ತಲೆ ತಗ್ಗಿಸಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ಸೆಕೆ,” ಎಂದರು.

ಮುದ್ದೆ ಊಟಕ್ಕೆ ಕೂತಾಗ ಮೂರು ದಾಟಿತ್ತು. ಜ್ವರ ಎದ್ದವರಂತೆ ತಿಂದರು. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಏರಿಸುವ ಕುಶಲಿಗರು, ನಾವು ತಡವಾದರೂ ಅಂಗಡಿ ಮುಚ್ಚದೆ ಕಾದಿದ್ದರು. ಕೆಂಪು ಹಳದಿ ಬುಗುರಿಗಳು ಎಲ್ಲರ ಚೀಲ ಸೇರಿದವು. ಮೈಸೂರಿನ ಮಾತನ್ನು ಒಬ್ಬರೂ ಎತ್ತಲಿಲ್ಲ. ಅಕ್ಕನ ಸೀರೆಯನ್ನು ಡಾಕ್ಟರಮ್ಮ ಬಿಚ್ಚಿಕೊಡಲೂ ಇಲ್ಲ, ಅದರಲ್ಲೇ ಬೆಂಗಳೂರಿಗೆ ಹೋದರು. ಅವರ ಇಸ್ತ್ರಿ ಸೀರೆ ಈಗ ಅಕ್ಕನ ಪೆಟ್ಟಿಗೆಯಲ್ಲಿದೆ, ಸೆಂಟಿನ ವಾಸನೆ ಹೋಗಲಿ ಎಂದು ಎರಡು ಸಲ ಒಗೆದಿದ್ದಾರೆ.

ಮೂರನೇ ದಿನ ಮ್ಯಾನೇಜರ್ ಫೋನ್ ಮಾಡಿದರು. ನಾನು ಬೈಗುಳಕ್ಕೆ ತಯಾರಾಗಿದ್ದೆ.

“ಮೇಡಂ, ಈ ದಾರಿ ಪಟ್ಟಿಗೆ ಸೇರಿಸಿದ್ದೀವಿ. ಮುಂದಿನ ತಿಂಗಳು ಹೃದಯದ ಡಾಕ್ಟ್ರುಗಳ ಸಮ್ಮೇಳನ. ಎರಡು ಬಸ್ಸು. ಅವರಿಗೂ ಆ ನಾಲ್ಕನೇ ಜ್ವರಾನೇ ಬೇಕಂತೆ. ಯಾವ ತಾರೀಕಿಗೆ ಜ್ವರ ಇಡೋಣ ಹೇಳಿ?”

“ತಾರೀಕು ಇಡೋಳು ನಾನಲ್ಲ ಸಾರ್. ಹುಳುನ ಕೇಳಿ ಹೇಳ್ತೀನಿ,” ಎಂದು ಫೋನ್ ಇಟ್ಟು, ಅಕ್ಕೂರಿಗೆ ಮಾಡಿದೆ.

ಭಾವ ಪೂರ್ತಿ ಕೇಳಿಸಿಕೊಂಡರು. “ಎಲ್ಡು ಬಸ್ಸಾ?” ಎಂದರು. ಮರಿ ತರುವ ದಿನ ಯಾವುದು, ಜ್ವರ ಯಾವತ್ತಿಗೆ ಬರುತ್ತದೆ ಎಂದು ಅವರು ಬಾಯಲ್ಲೇ ಎಣಿಸುವುದು ಕೇಳುತ್ತಿತ್ತು.

“ಬರ್ಲಿ ಕಣವ್ವ,” ಎಂದರು ಕೊನೆಗೆ. “ಸೆಂಟು ಹಾಕ್ಕಂಡು ಬರ್‌ಬ್ಯಾಡಿ ಅಂತ ಮೊದ್ಲೇ ಬರ್ದು ಕಳ್ಸು. ನಿನ್ ಇಂಗ್ಲಿಷ್‌ನಾಗೆ ಬರೀಬ್ಯಾಡ, ಬ್ಯಾರೆ ಯಾರ್ ಕೈಲಾದ್ರೂ ಬರ್ಸು.”